ಕೊಂಡ ಆಟ ಯಾರ ಸ್ವತ್ತು?

1904ರಲ್ಲಿ ಅಮೆರಿಕದ ಬಾಬ್ಸ್-ಮೆರಿಲ್ ಪ್ರಕಾಶನವು 'ದಿ ಕ್ಯಾಸ್ಟವೇ' ಎಂಬ ಕಾದಂಬರಿಯನ್ನು ಹೊರತಂದಾಗ ಒಳಪುಟದಲ್ಲಿ ಒಂದು ಎಚ್ಚರಿಕೆಯನ್ನೂ ಅಚ್ಚು ಹಾಕಿಸಿತ್ತು. ಬೆಲೆ ಒಂದು ಡಾಲರ್. ಅದಕ್ಕಿಂತ ಕಡಿಮೆಗೆ ಮಾರಲು ಯಾವ ವ್ಯಾಪಾರಿಗೂ ಪರವಾನಗಿ ಇಲ್ಲ, ಮಾರಿದರೆ ಕೃತಿಸ್ವಾಮ್ಯದ ಉಲ್ಲಂಘನೆಯೆಂದು ಪರಿಗಣಿಸಲಾಗುವುದು. ನ್ಯೂಯಾರ್ಕಿನ ಮೇಸೀಸ್ ಮಳಿಗೆ ಇದನ್ನು ಲೆಕ್ಕಿಸದೆ 89 ಸೆಂಟಿಗೆ ಮಾರಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಒಮ್ಮೆ ಮಾರಿದ ಪ್ರತಿಯ ಮರುಮಾರಾಟಕ್ಕೆ ಪ್ರಕಾಶಕ ಇಂಥ ಷರತ್ತು ಹಾಕುವಂತಿಲ್ಲ ಎಂದು 1908ರಲ್ಲಿ ತೀರ್ಪು ಬಂತು. ಮರುವರ್ಷ ಈ ತತ್ತ್ವ ಕಾನೂನಿನಲ್ಲೂ ಸೇರಿತು. ಹಳೆ ಪುಸ್ತಕದಂಗಡಿಯಿಂದ ಹಿಡಿದು ಗೆಳೆಯರ ನಡುವೆ ಕೈಬದಲಾಗುವ ವಿಡಿಯೋ ಗೇಮಿನ ಡಿಸ್ಕಿನವರೆಗೆ ಎಲ್ಲಕ್ಕೂ ಆ ದೇಶದಲ್ಲಿ ಆಧಾರ ಇದೇ.

ಕಂಪ್ಯೂಟರ್ ತಂತ್ರಾಂಶದ ಕಾಲ ಬಂದಾಗ ಕಂಪೆನಿಗಳು ಜಾಣತನದ ದಾರಿ ಹಿಡಿದವು. ತಾವು ಪ್ರತಿಯನ್ನು ಮಾರುತ್ತಿಲ್ಲ, ಬಳಸಲು ಪರವಾನಗಿಯನ್ನಷ್ಟೇ ಕೊಡುತ್ತಿದ್ದೇವೆ ಎಂದವು. 1908ರಲ್ಲಿ ಸೋತ ಪದವೇ ಹಿಂಬಾಗಿಲಿನಿಂದ ಮರಳಿತು ಎನ್ನಬಹುದು. ಡಿಸ್ಕು ಮನೆಯ ಕಪಾಟಿನಲ್ಲಿದ್ದಷ್ಟು ಕಾಲ ಈ ವ್ಯತ್ಯಾಸ ಹೆಚ್ಚಿನವರಿಗೆ ತಟ್ಟಲಿಲ್ಲ. ಆದರೆ 2009ರ ಜುಲೈನಲ್ಲಿ, ಮಾರಿದವನಿಗೆ ಹಕ್ಕಿರಲಿಲ್ಲವೆಂಬ ಕಾರಣಕ್ಕೆ, ಅಮೆಜಾನ್ ತನ್ನ ಗ್ರಾಹಕರ ಕಿಂಡಲ್‌ಗಳಿಂದಲೇ ಪುಸ್ತಕಗಳನ್ನು ದೂರದಿಂದ ಅಳಿಸಿಹಾಕಿತು. ಹಣ ವಾಪಸಾಯಿತು, ಕ್ಷಮೆಯನ್ನೂ ಕೇಳಲಾಯಿತು. ಅಳಿದ ಪುಸ್ತಕಗಳಲ್ಲಿ ಆರ್ವೆಲ್‌ನ '1984' ಕೂಡ ಇದ್ದುದು ಕಾಕತಾಳೀಯವೇ ಇರಬೇಕು.

ಆಟಗಳಲ್ಲಿ ಇದರ ಪೂರ್ಣ ರೂಪ ಕಂಡದ್ದು 'ದಿ ಕ್ರೂ' ಪ್ರಕರಣದಲ್ಲಿ. ಫ್ರಾನ್ಸಿನ ಯೂಬಿಸಾಫ್ಟ್ 2014ರಲ್ಲಿ ತಂದ ಈ ಕಾರು ಓಟದ ಆಟವನ್ನು ಒಬ್ಬರೇ ಆಡಿದರೂ ಕಂಪೆನಿಯ ಸರ್ವರ್‌ನ ಸಂಪರ್ಕ ಬೇಕಿತ್ತು. 2024ರ ಮಾರ್ಚ್ 31ರಂದು ಸರ್ವರ್ ನಿಂತಿತು. ಡಿಸ್ಕು ಕೊಂಡವರ ಕೈಯಲ್ಲಿ ಉಳಿದದ್ದು ಬರೀ ಬಿಲ್ಲೆ. ಕೆಲವೇ ದಿನಗಳಲ್ಲಿ ಹಲವು ಗ್ರಾಹಕರ ಖಾತೆಗಳಿಂದ ಪರವಾನಗಿಯೂ ಮಾಯವಾಯಿತು. ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಇಬ್ಬರು ಮೊಕದ್ದಮೆ ಹೂಡಿದರು. ಅವರು ಪಡೆದದ್ದು ಸೀಮಿತ ಪರವಾನಗಿಯೇ ಹೊರತು ಒಡೆತನವಲ್ಲ ಎಂಬುದು ಕಂಪೆನಿಯ ವಾದ.

ಕಳ್ಳಪ್ರತಿಯ ಮಾತು ಬರುವುದು ಇಲ್ಲಿಯೇ. ಪುಕ್ಕಟೆ ಸಿಗಲಿ ಎಂಬ ಆಸೆ ಅದರ ಹಿಂದೆ ಇಲ್ಲವೆಂದಲ್ಲ, ಧಾರಾಳವಾಗಿ ಇದೆ. ಆದರೆ ಆಟ ಮಾರುವ ವಾಲ್ವ್ ಕಂಪೆನಿಯ ಮುಖ್ಯಸ್ಥ ಗೇಬ್ ನ್ಯೂವೆಲ್ ಅವರೇ 2011ರಲ್ಲಿ, ಇದು ಬೆಲೆಗಿಂತ ಹೆಚ್ಚಾಗಿ ಸೇವೆಯ ಸಮಸ್ಯೆ ಎಂದು ವಾದಿಸಿದ್ದರು. ಬೀಗ ಒಡೆದ ಪ್ರತಿಯನ್ನು ಯಾರೂ ವಾಪಸು ಕಿತ್ತುಕೊಳ್ಳುವುದಿಲ್ಲ. ದುಡ್ಡು ತೆತ್ತ ಪ್ರತಿಗೆ ಆ ಭರವಸೆ ಇಲ್ಲ. ಹಣ ಕೊಡುತ್ತೇನೆಂದರೂ ಸಿಗದ ಆಟಗಳು ಬೇರೆ: 2010ಕ್ಕೆ ಮುಂಚೆ ಅಮೆರಿಕದಲ್ಲಿ ಬಂದ ಆಟಗಳಲ್ಲಿ ನೂರಕ್ಕೆ 87 ಈಗ ಮಾರಾಟದಲ್ಲೇ ಇಲ್ಲವೆಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಹಾಕಿತು.

ಕಾನೂನು ನಿಧಾನವಾಗಿ ಎಚ್ಚೆತ್ತಿದೆ. 2025ರ ಜನವರಿಯಿಂದ ಕ್ಯಾಲಿಫೋರ್ನಿಯಾದಲ್ಲಿ, ಹಿಂಪಡೆಯಬಹುದಾದ ಡಿಜಿಟಲ್ ಸರಕಿಗೆ 'ಖರೀದಿಸಿ' ಎಂಬ ಗುಂಡಿ ಇಟ್ಟರೆ, ಅದು ಪರವಾನಗಿ ಮಾತ್ರ ಎಂದು ಸ್ಪಷ್ಟವಾಗಿ ತಿಳಿಸಬೇಕು. ಹಾಗೆ ತಿಳಿಸಿದ ಮೇಲೆ ಕಿತ್ತುಕೊಳ್ಳುವುದಕ್ಕೆ ಅಡ್ಡಿಯೇನೂ ಇಲ್ಲ. ಯೂರೋಪಿನಲ್ಲಿ, ನಿಲ್ಲಿಸಿದ ಆಟವನ್ನು ಆಡಬಲ್ಲ ಸ್ಥಿತಿಯಲ್ಲಿ ಬಿಟ್ಟುಹೋಗಬೇಕೆಂಬ ಮನವಿಗೆ 2025ರ ಜುಲೈ ವೇಳೆಗೆ ಹತ್ತು ಲಕ್ಷಕ್ಕೂ ಮೀರಿ ಸಹಿ ಬಿದ್ದವು. ಅದೇ ವರ್ಷ ಅಭಿಮಾನಿಗಳ ಗುಂಪೊಂದು, ಕಂಪೆನಿಯ ಅಪ್ಪಣೆಗೆ ಕಾಯದೆ ತಾನೇ ಸರ್ವರ್ ರೂಪಿಸಿ, 'ದಿ ಕ್ರೂ'ವನ್ನು ಮತ್ತೆ ಓಡಿಸಿತು.