ಅಜ್ಜಿಯ ಪವನ್‌ಗೆ ಎಷ್ಟು ಮಾರ್ಕ್ಸು?

ನಮ್ಮೂರ ದುಡ್ಡಿನ ಕಥೆ | ಕಂತು 6

ಫೋಟೋ ಝೂಮ್ ಮಾಡಿ ನೋಡಿ. ಕುದುರೆ ಮೇಲೆ ಕೂತು ಡ್ರ್ಯಾಗನ್ ಕೊಲ್ತಿರೋ ಸಂತ ಜಾರ್ಜ್. ಕೆಳಗೆ 1918 ಅಂತಿದೆಯಲ್ಲ, ಅದರ ಮೇಲೆ ಸಾಸಿವೆ ಕಾಳಿನಷ್ಟು 'ಐ' ಅಕ್ಷರ ಕಾಣ್ತಾ? 'ಐ' ಅಂದ್ರೆ ಇಂಡಿಯಾ.

ಇದು ಬೇಗಾರಿನ ನಮ್ಮನೇಲಿ, ಅಜ್ಜಿಯ ಸರದಲ್ಲಿರೋ ಪವನ್. ಬ್ರಿಟಿಷರ ಸವರಿನ್ ನಾಣ್ಯಕ್ಕೆ ನಮ್ಮ ಕಡೆ ಇಟ್ಟ ಹೆಸರು. 22 ಕ್ಯಾರೆಟ್, ಸುಮಾರು 7.99 ಗ್ರಾಂ. ಚಿನ್ನದಂಗಡೀಲಿ ಇವತ್ತಿಗೂ ಒಂದು ಪವನ್ ಅಂದ್ರೆ 8 ಗ್ರಾಂ ಲೆಕ್ಕ ಹಾಕೋದು ಇದರಿಂದಲೇ. ಮೊದಲ ಮಹಾಯುದ್ಧದ ಕಾಲದಲ್ಲಿ ಬೆಳ್ಳಿ ರೂಪಾಯಿಗೆ ತತ್ವಾರ ಆದಾಗ, ಲಂಡನ್ ಟಂಕಸಾಲೆಯ ಶಾಖೆ ಬೊಂಬಾಯಲ್ಲಿ ಶುರುವಾಯ್ತು. 1918ರ ಇಸವಿಯ ಸುಮಾರು 13 ಲಕ್ಷ ಸವರಿನ್ ಹೊಡೆದು, 1919ರಲ್ಲಿ ಮುಚ್ಚಿತು. ಆಮೇಲೆ ಆ ಶಾಖೆ ತೆರೆಯಲೇ ಇಲ್ಲ.

ಇದನ್ನ ಓದಿದ ದಿನ ನನ್ನ ತಲೇಲಿ ಓಡಿದ್ದು ಒಂದೇ: ಕಾಲೇಜು ಫೀಸು. ರೀಲ್ಸಲ್ಲಿ ನೀವೂ ನೋಡಿರ್ತೀರಿ, ಪ್ಲಾಸ್ಟಿಕ್ ಡಬ್ಬೀಲಿ ಸೀಲ್ ಮಾಡಿದ ಅಮೆರಿಕದ ಹಳೇ ಚಿನ್ನದ ನಾಣ್ಯ, ಮೇಲೆ ಮಾರ್ಕ್ಸು, ಕೆಳಗೆ ಲಕ್ಷಗಟ್ಟಲೆ ಬೆಲೆ.

ಆ ಬೆಲೆ ಎಲ್ಲಿಂದ ಬಂತು? 1933ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಜನರ ಹತ್ರ ಇದ್ದ ಚಿನ್ನದ ನಾಣ್ಯ ವಾಪಸ್ ಕೊಡಿ ಅಂತ ಆದೇಶ ಹೊರಡಿಸಿದ್ರು. ಬಂದ ನಾಣ್ಯ ಕರಗಿ ಗಟ್ಟಿಯಾಯ್ತು. ಸಂಗ್ರಾಹಕರ ಅಪರೂಪದ ನಾಣ್ಯಕ್ಕೆ ಮಾತ್ರ ವಿನಾಯಿತಿ. ಉಳಿದದ್ದು ಕಮ್ಮಿ, ಹಾಗಾಗಿ ಬೆಲೆ ಜಾಸ್ತಿ. ಅದೇ ವರ್ಷದ 20 ಡಾಲರ್ ನಾಣ್ಯವೊಂದು 2021ರಲ್ಲಿ ಸುಮಾರು 1.89 ಕೋಟಿ ಡಾಲರಿಗೆ ಹರಾಜಾಯ್ತು. ಅದರೊಳಗಿನ ಚಿನ್ನ ಬರೀ 30 ಗ್ರಾಂ!

ಮಾರ್ಕ್ಸಿನ ಕಥೆ ಬೇರೆ. ವಿಲಿಯಂ ಶೆಲ್ಡನ್ ಅನ್ನೋರು 1949ರಲ್ಲಿ ಅಮೆರಿಕದ ಹಳೇ ತಾಮ್ರದ ಸೆಂಟ್‌ಗಳಿಗೆ 1ರಿಂದ 70ರ ಅಳತೆ ಮಾಡಿದ್ರು. ಪಿಸಿಜಿಎಸ್ (1986), ಎನ್‌ಜಿಸಿ (1987) ಕಂಪನಿಗಳು ಅದೇ ಅಳತೇಲಿ ನಾಣ್ಯ ಪರೀಕ್ಷೆ ಮಾಡಿ, ನಂಬರ್ ಹಾಕಿ ಸೀಲ್ ಮಾಡ್ತವೆ. ನಾಣ್ಯ ಅಸಲಿಯಾ, ಎಷ್ಟು ಸವೆದಿದೆ ಅನ್ನೋದನ್ನ ಹೇಳ್ತವೆ. ನಾಳೆ ಬೆಲೆ ಏರುತ್ತೆ ಅಂತ ಹೇಳಲ್ಲ. ಡಬ್ಬಿಯ ನಕಲೂ ಬರುತ್ತೆ, ನಂಬರನ್ನ ಕಂಪನಿಯ ಸೈಟಲ್ಲೇ ನೋಡ್ಬೇಕು.

ಸರಿ, ನಮ್ಮ ಪವನ್? ಎರಡು ಕಡೆ ಸಿಕ್ಕಿಹಾಕ್ಕೊಂಡೆ.

ಒಂದು, ಸರಕ್ಕೆ ಪೋಣಿಸೋಕೆ ಅಂಚಿಗೆ ಕೊಂಡಿ ಬೆಸುಗೆ ಹಾಕ್ಸಿದ್ದಾರೆ. ಸಂಗ್ರಾಹಕರ ಲೆಕ್ಕದಲ್ಲಿ ಅದು ಪೆಟ್ಟು ಬಿದ್ದ ನಾಣ್ಯ. ಕೊಂಡಿ ಕಿತ್ತು ಪಾಲಿಶ್ ಮಾಡ್ಸಿದ್ರೆ ಇನ್ನೂ ಹಾಳು.

ಎರಡು, ಕಾನೂನು. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಖಾಸಗಿಯವರು ಅದನ್ನ ದೇಶದಾಚೆ ಕಳಿಸೋ ಹಾಗಿಲ್ಲ. ಮಾರ್ಕ್ಸ್ ಹಾಕ್ಸೋಕೆ ಅಂತ ಅಮೆರಿಕಕ್ಕೆ ಕೊರಿಯರ್ ಮಾಡಿದ್ರೆ ನಾನೇ ಅಪರಾಧಿ. 1918ಕ್ಕೆ ನೂರು ತುಂಬಿ ಆಗಿದೆ.

ಬೇಜಾರಲ್ಲಿ ಅಜ್ಜಿ ಹತ್ರ ಹೇಳಿದೆ. "ಅಡಿಕೆಗೆ ಒಳ್ಳೆ ರೇಟು ಬಂದ ವರ್ಷ ನನ್ನ ಅತ್ತೆಗೆ ಮಾಡ್ಸಿದ್ದು ಮಾರಾಯ, ಕೊಂಡಿ ಇಲ್ದೆ ಕುತ್ತಿಗೆಗೆ ಹೆಂಗೆ ಹಾಕ್ಕೊಳ್ಳೂದು?" ಅಂದ್ರು. ಸಂಗ್ರಾಹಕರಿಗೆ ಪೆಟ್ಟು ಅನ್ಸೋದು ನಮ್ಮನೇಲಿ ಚರಿತ್ರೆ. ಫೀಸಿಗೆ ಸಾಲದ ಅರ್ಜಿ ಹಾಕಿದ್ದೀನಿ, ಪವನ್ ಸರದಲ್ಲೇ ಇದೆ.

ನಿಮ್ಮನೇಲೂ ಇದ್ರೆ ಮೂರು ಮಾತು: ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಕರಗಿಸೋ ಮೊದಲು ಇಸವಿ ನೋಡಿ. ಯಾರು ಯಾವಾಗ ತಂದದ್ದು ಅಂತ ಹಿರಿಯರನ್ನ ಕೇಳಿ ಬರ್ದಿಡಿ, ಅದು ಯಾವ ಡಬ್ಬೀಲೂ ಬರಲ್ಲ.

ಮುಂದಿನ ಕಂತು: 1763ರಲ್ಲಿ ಬಿದನೂರು ಗೆದ್ದ ಹೈದರ್ ಅಲಿ, ಇಕ್ಕೇರಿ ವರಾಹದ ಶಿವ-ಪಾರ್ವತಿಯನ್ನ ತನ್ನ ನಾಣ್ಯದಲ್ಲೂ ಯಾಕೆ ಉಳಿಸ್ಕೊಂಡ? ಅಂದಾಜು ಕಾಮೆಂಟಲ್ಲಿ ಹಾಕಿ.

#ಬೇಗಾರ್ #ಶೃಂಗೇರಿ #ಪವನ್ #ನಮ್ಮೂರದುಡ್ಡಿನಕಥೆ