ಒಂದು ಕೀಲಿಕೈ, ಹಲವು ಕೈಗಳು

ಮನೆಯ ಕೀಲಿಕೈ ಹತ್ತು ಜನರ ಬಳಿಯಿದ್ದರೆ ಕಳವಾದ ದಿನ ಯಾರನ್ನು ಕೇಳುವುದು? ಒಬ್ಬನ ಬಳಿಯೇ ಇದ್ದರೆ ಅವನು ಊರಲ್ಲಿಲ್ಲದ ದಿನ ಬಾಗಿಲು ತೆರೆಯುವವರಾರು? ಅಧಿಕಾರ ಹಂಚಿಕೆಯ ಈ ಹಳೆಯ ಪ್ರಶ್ನೆ ಕಂಪ್ಯೂಟರ್ ಲೋಕವನ್ನೂ ಕಾಡಿದೆ.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಯುನಿಕ್ಸ್ ವ್ಯವಸ್ಥೆಯ ಕೆಲಸ ಆರಂಭಿಸಿದರು. ಒಂದೇ ಯಂತ್ರವನ್ನು ಹಲವರು ಬಳಸಲು ಅದು ಅನುವು ಮಾಡಿಕೊಟ್ಟಿತು. ಆದರೆ ಅಲ್ಲಿ ಎರಡೇ ವರ್ಗಗಳಿದ್ದವು. ತನ್ನ ಕಡತಗಳ ಮೇಲಷ್ಟೇ ಹಕ್ಕುಳ್ಳ ಸಾಮಾನ್ಯ ಬಳಕೆದಾರ ಒಂದೆಡೆ. ಯಾವ ತಡೆಯೂ ಇಲ್ಲದ 'ರೂಟ್' ಇನ್ನೊಂದೆಡೆ. ಪ್ರಿಂಟರ್ ಸರಿಪಡಿಸುವ ಸಹಾಯಕನಿಗೆ ರೂಟ್‌ನ ಪಾಸ್‌ವರ್ಡ್ ಕೊಟ್ಟರೆ ಇಡೀ ಯಂತ್ರವನ್ನೇ ಅವನ ಕೈಗಿತ್ತಂತೆ. ಆಮೇಲೆ ಏನು ಕೆಟ್ಟರೂ ಕಾಣುವುದು ರೂಟ್ ಎಂಬ ಹೆಸರು ಮಾತ್ರ.

ರಿಚಿ ಇದಕ್ಕೆ ಒಂದು ದಾರಿ ಕಂಡುಕೊಂಡಿದ್ದರು. ಒಂದು ಪ್ರೋಗ್ರಾಂ ಅದನ್ನು ನಡೆಸುವವನ ಅಧಿಕಾರದ ಬದಲು ಅದರ ಒಡೆಯನ ಅಧಿಕಾರದಲ್ಲಿ ಓಡುವಂತೆ ಮಾಡುವ 'ಸೆಟ್‌ಯುಐಡಿ' ತಂತ್ರವದು. 1979ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಆದರೆ ಯಾರಿಗೆ ಯಾವ ಕೆಲಸದ ಅನುಮತಿ ಎಂಬುದನ್ನು ಅದೊಂದೇ ನಿರ್ಧರಿಸಲಾರದು.

1980ರ ಸುಮಾರಿಗೆ ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯದ ಬಫಲೊ ಕೇಂದ್ರದಲ್ಲಿ ಬಾಬ್ ಕಾಗ್‌ಶಾಲ್ ಮತ್ತು ಕ್ಲಿಫ್ ಸ್ಪೆನ್ಸರ್ ಇದೇ ತಂತ್ರದ ಮೇಲೆ 'ಸುಡೊ' ರಚಿಸಿದರು. ಮುಂದೆ ಅದು ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಬೆಳೆಯಿತು. 1990ರ ದಶಕದಿಂದ ಟಾಡ್ ಮಿಲ್ಲರ್ ಅದನ್ನು ಪೋಷಿಸುತ್ತ ಬಂದರು. ಇಂದಿನ ಸುಡೊದಲ್ಲಿ, ಯಾರು, ಯಾವ ಯಂತ್ರದಲ್ಲಿ, ಯಾರ ಪರವಾಗಿ, ಯಾವ ಆಜ್ಞೆಯನ್ನು ನಡೆಸಬಹುದು ಎಂಬುದು 'ಸುಡೊಯರ್ಸ್' ಕಡತದಲ್ಲಿ ಬರೆದಿರುತ್ತದೆ. ಅದು ಸಾಮಾನ್ಯವಾಗಿ ಕೇಳುವುದು ರೂಟ್‌ನ ಪಾಸ್‌ವರ್ಡನ್ನಲ್ಲ, ಬಳಕೆದಾರನ ಸ್ವಂತ ಪಾಸ್‌ವರ್ಡನ್ನು. ನಡೆಸಿದ ಆಜ್ಞೆ ಅವನ ಹೆಸರಿನಲ್ಲೇ ದಾಖಲಾಗುತ್ತದೆ. 2004ರಲ್ಲಿ ಬಂದ ಉಬುಂಟು ರೂಟ್‌ನ ಖಾತೆಗೆ ಬೀಗ ಹಾಕಿ, ಸುಡೊವನ್ನೇ ರೂಢಿಗೆ ತಂದಿತು.

ಹಾಗೆಂದು ಕಾವಲುಗಾರ ತಪ್ಪೇ ಮಾಡನೆಂದಲ್ಲ. ಒಂದು ಕಡತವನ್ನು ತಿದ್ದಲೆಂದು ಎಡಿಟರ್ ಬಳಸಲು ಅನುಮತಿಸಿದರೆ, ಅದರೊಳಗಿಂದಲೇ ಬೇರೆ ಆಜ್ಞೆಗಳನ್ನು ನಡೆಸಿ ರೂಟ್ ಆಗಿಬಿಡಬಹುದು. ಸ್ವತಃ ಸುಡೊದಲ್ಲೇ 2011ರಲ್ಲಿ ನುಸುಳಿದ ಒಂದು ದೋಷ ಬಯಲಾದದ್ದು 2021ರ ಜನವರಿಯಲ್ಲಿ. ಅನುಮತಿಯ ಪಟ್ಟಿಯಲ್ಲಿ ಇಲ್ಲದವನೂ ಅದರಿಂದ ಸರ್ವಾಧಿಕಾರ ಪಡೆಯಬಹುದಿತ್ತು. ಸುಮಾರು ಹತ್ತು ವರ್ಷ ಕಾವಲುಗಾರನ ಮೇಲೆಯೇ ಕಾವಲಿರಲಿಲ್ಲ!

ಅಧಿಕಾರವನ್ನು ಬೇಕಾದಷ್ಟೇ ಕೊಡಬೇಕು, ಕೊಟ್ಟದ್ದಕ್ಕೆ ಲೆಕ್ಕ ಕೇಳಬೇಕು, ಲೆಕ್ಕ ಬರೆಯುವವನನ್ನೂ ಆಗಾಗ ಪರೀಕ್ಷಿಸಬೇಕು. ಒಂದು ಪುಟ್ಟ ಪ್ರೋಗ್ರಾಂನ ನಾಲ್ಕು ದಶಕಗಳ ಈ ಪಾಠ ಕಂಪ್ಯೂಟರಿಗಷ್ಟೇ ಸೀಮಿತವೇ?