ಹೊಸ ಬಟ್ಟೆಯ ಮಕ್ಕಳು ಮತ್ತು 'ಸಂಪ್ರದಾಯ'ದ ಚರಿತ್ರೆ

ಪುಟ್ಟ ಮಕ್ಕಳಿಗೆ ಪಂಚೆ, ಶಲ್ಯ, ಪೇಟ, ರೇಷ್ಮೆ ಲಂಗ ತೊಡಿಸಿ ಶಾಲೆಗೆ ಕಳಿಸುವ ಒಂದು ದಿನ ಈಗ ಸಣ್ಣ ಊರುಗಳ ಶಾಲೆಗಳಿಗೂ ಬಂದಿದೆ. 'ಟ್ರೆಡಿಷನಲ್ ಡೇ' ಅಂತ ಅದಕ್ಕೆ ಹೆಸರು. ಇದರ ಬಗ್ಗೆ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ನಾನು ಕೇಳಿರುವ ಅಭಿಪ್ರಾಯಗಳು ಮುಖ್ಯವಾಗಿ ಎರಡು. ಮಕ್ಕಳಿಗೆ ನಮ್ಮ ಸಂಸ್ಕೃತಿ ಗೊತ್ತಾಗಬೇಕು, ನೋಡಲಿಕ್ಕೂ ಎಷ್ಟು ಚಂದ ಎನ್ನುವುದು ಒಂದು. ಆ ಜರಿ ಚುಚ್ಚುತ್ತದೆ, ಪಂಚೆ ಕಳಚಿ ಬೀಳುತ್ತದೆ, ಮಗು ಆಡಲಿಕ್ಕಾಗದೆ ಅಳುತ್ತದೆ, ದೊಡ್ಡವರ ಷೋಕಿಗೆ ಕೂಸುಗಳಿಗೆ ಯಾಕೆ ಹಿಂಸೆ ಎನ್ನುವುದು ಇನ್ನೊಂದು. ಎರಡರಲ್ಲೂ ಸತ್ಯವಿದೆ. ಆದರೆ ಇವೆರಡೂ ಒಂದು ನಂಬಿಕೆಯನ್ನು ಹಂಚಿಕೊಂಡಿವೆ. ಸಂಪ್ರದಾಯ ಅನ್ನೋದು ಎಲ್ಲರ ಮನೆಯ ಪೆಟ್ಟಿಗೆಯಲ್ಲೂ ಮಡಿಸಿಟ್ಟಿರುವ ವಸ್ತು, ಬೇಕಾದಾಗ ತೆಗೆದು ಮಗುವಿಗೆ ಉಡಿಸಬಹುದು ಎಂಬ ನಂಬಿಕೆ ಅದು. ಪೆಟ್ಟಿಗೆಯೇ ಇಲ್ಲದ ಮನೆಗಳ ಚರಿತ್ರೆಯನ್ನು ಇವರಿಬ್ಬರೂ ಕೇಳಿಲ್ಲ.

ಆ ಚರಿತ್ರೆಯ ಲಿಖಿತ ರೂಪ ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ. ಮನುಸ್ಮೃತಿಯ 10ನೇ ಅಧ್ಯಾಯವು ಚಂಡಾಲರಿಗೆ ವಿಧಿಸಿದ ಉಡುಗೆ ಹೆಣದ ಮೇಲಿನ ಬಟ್ಟೆ, ವಿಧಿಸಿದ ಒಡವೆ ಕಬ್ಬಿಣದ್ದು. ಅದು ಬರೀ ಪುಸ್ತಕದ ಮಾತು, ಯಾರೂ ಪಾಲಿಸುತ್ತಿರಲಿಲ್ಲ ಎನ್ನುವವರು ರಾಮನಾಡಿನ ಕಡೆ ನೋಡಬೇಕು. 1930ರ ಡಿಸೆಂಬರ್‌ನಲ್ಲಿ ಮದ್ರಾಸ್ ಪ್ರಾಂತ್ಯದ ರಾಮನಾಡು ಸೀಮೆಯಲ್ಲಿ ಕಳ್ಳರ್ ಜಾತಿಯವರು ಅಲ್ಲಿನ ಆದಿದ್ರಾವಿಡರ ಮೇಲೆ 8 ನಿಷೇಧಗಳನ್ನು ಹೇರಿದರು. ಜೆ. ಎಚ್. ಹಟನ್ ಜಾತಿಪದ್ಧತಿಯ ಬಗೆಗಿನ ತನ್ನ ಪುಸ್ತಕದಲ್ಲಿ ಇವನ್ನು ದಾಖಲಿಸಿದ್ದಾನೆ. ಚಿನ್ನ ಬೆಳ್ಳಿ ತೊಡಬಾರದು. ಗಂಡಸರ ಬಟ್ಟೆ ಮಂಡಿಯಿಂದ ಕೆಳಗೆ ಇಳಿಯಬಾರದು, ಸೊಂಟದಿಂದ ಮೇಲೆ ಏರಬಾರದು. ಕೋಟು, ಷರಟು, ಬನಿಯನ್ ಕೂಡದು. ಹೆಂಗಸರು ಎದೆ ಮುಚ್ಚುವಂತಿಲ್ಲ, ಹೂವು ಮುಡಿಯುವಂತಿಲ್ಲ. ಕೊಡೆ ಇಲ್ಲ, ಕಾಲಿಗೆ ಮೆಟ್ಟಿಲ್ಲ. ಇದು ಸಾಲದೆಂಬಂತೆ 1931ರ ಜೂನ್‌ನಲ್ಲಿ ಪಟ್ಟಿ 11ಕ್ಕೆ ಬೆಳೆಯಿತು. ಆ ಪಟ್ಟಿಯಲ್ಲಿ ಮಕ್ಕಳೂ ಬಂದರು: ಅವರು ಓದು ಬರಹ ಕಲಿಯಬಾರದು, ಮಿರಾಸುದಾರರ ದನ ಕಾಯಬೇಕು.

ಇಲ್ಲಿ ಎರಡು ಸಂಗತಿ ಗಮನಿಸಬೇಕು. ನಿಷೇಧ ಹೇರಿದವರು ಬ್ರಾಹ್ಮಣರಲ್ಲ. ಎಲ್ಲವನ್ನೂ ಪುರೋಹಿತಶಾಹಿಯ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವ ನಮ್ಮ ಶೂದ್ರ ಗೆಳೆಯರು ಇದನ್ನು ಯೋಚಿಸಬೇಕು. ಎರಡನೆಯದಾಗಿ, ಷರಟು ಮತ್ತು ಸ್ಲೇಟು ಒಂದೇ ನಿಷೇಧದ ಕುಟುಂಬಕ್ಕೆ ಸೇರಿದವು. ಮೈ ಮುಚ್ಚಿದವನು ನಾಳೆ ಓದುತ್ತಾನೆ, ಓದಿದವನು ದನ ಕಾಯಲು ಬರುವುದಿಲ್ಲ ಎಂಬ ಲೆಕ್ಕ ಭೂಮಿ ಹಿಡಿದವರಿಗೆ ಚೆನ್ನಾಗಿ ಗೊತ್ತಿತ್ತು. ಇದಕ್ಕೆ 9 ವರ್ಷ ಮೊದಲು, 1921ರ ಸೆಪ್ಟೆಂಬರ್‌ನಲ್ಲಿ, ರಾಮನಾಡಿಗೆ ಹತ್ತಿರದ ಮಧುರೆಯಲ್ಲಿ ಗಾಂಧೀಜಿ ಅಂಗಿ ಕಳಚಿ ತುಂಡು ಪಂಚೆಗೆ ಬಂದಿದ್ದರು. ಅವರ ತ್ಯಾಗ ನಿಜವೇ. ಆದರೆ ಇದ್ದವನು ಮಾತ್ರ ತ್ಯಾಗ ಮಾಡಬಲ್ಲ. ಅದೇ ಸೀಮೆಯಲ್ಲಿ ಅಂಗಿ ತೊಡಲು ಏಟು ತಿನ್ನಬೇಕಾಗಿದ್ದವನಿಗೆ ಬರಿಮೈ ಆದರ್ಶವಾಗಲು ಹೇಗೆ ಸಾಧ್ಯ?

ಹಾಗಾದರೆ ಬಟ್ಟೆ ಸಿಕ್ಕ ಮಗುವಿನ ಪಾಡೇನು? ಅಂಬೇಡ್ಕರರು ಬರೆದ 'ವೇಟಿಂಗ್ ಫಾರ್ ಎ ವೀಸಾ' ಎಂಬ ಆತ್ಮಕಥನದ ಟಿಪ್ಪಣಿಗಳು 1990ರಲ್ಲಿ ಪುಸ್ತಿಕೆಯಾಗಿ ಹೊರಬಂದವು. ಅದರ ಮೊದಲ ಪ್ರಸಂಗ 1901ರದು. ಸಾತಾರಾದಲ್ಲಿದ್ದ ಬಾಲಕ ಭೀಮರಾವ್ ತನ್ನ ಅಣ್ಣನೂ ಸೇರಿದಂತೆ ಮನೆಯ ಇತರ ಮಕ್ಕಳೊಂದಿಗೆ, ಗೋರೆಗಾಂವ್‌ನಲ್ಲಿ ಕೆಲಸದಲ್ಲಿದ್ದ ತಂದೆಯ ಬಳಿಗೆ ಹೊರಡುತ್ತಾನೆ. ಆ ಪ್ರಯಾಣಕ್ಕೆಂದೇ ಹೊಸ ಅಂಗಿ, ಮಿನುಗುವ ಟೋಪಿ, ಹೊಸ ಬೂಟು, ರೇಷ್ಮೆ ಅಂಚಿನ ಪಂಚೆಗಳನ್ನು ಮಾಡಿಸಲಾಗಿತ್ತು. ಮಸೂರ್ ಸ್ಟೇಷನ್ನಿನಲ್ಲಿ ಇಳಿದಾಗ ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಉಡುಪು ನೋಡಿದ ಸ್ಟೇಷನ್ ಮಾಸ್ತರ ಇವು ಬ್ರಾಹ್ಮಣರ ಮಕ್ಕಳೇ ಇರಬೇಕೆಂದು ಕನಿಕರದಿಂದ ಹತ್ತಿರ ಬಂದ. ಯಾರಪ್ಪ ನೀವು ಎಂದು ಕೇಳಿದ. ಮಹಾರರು ಎಂದಿತು ಮಗು. ಆತನ ಮುಖವೇ ಬದಲಾಯಿತು. ಆಮೇಲಿನದು ನಿಮಗೆ ಗೊತ್ತಿರುವ ಕತೆ. ಗಾಡಿಯವರು ಒಲ್ಲೆ ಎಂದರು. ಕೊನೆಗೊಬ್ಬ ಎರಡರಷ್ಟು ಬಾಡಿಗೆಗೆ ಒಪ್ಪಿದ, ಅದೂ ಮಕ್ಕಳೇ ಗಾಡಿ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತೇನೆಂಬ ಕರಾರಿನ ಮೇಲೆ. ಬುತ್ತಿ ಇತ್ತು, ಕುಡಿಯುವ ನೀರು ಆ ರಾತ್ರಿ ಸಿಗಲಿಲ್ಲ.

ಈ ಪ್ರಸಂಗವನ್ನು ನಾವು ಸಾಮಾನ್ಯವಾಗಿ ನೀರಿನ ಕತೆಯಾಗಿ ಓದುತ್ತೇವೆ. ನಾನು ಇದನ್ನು ಬಟ್ಟೆಯ ಕತೆಯಾಗಿಯೂ ಓದಬೇಕು ಅಂತೇನೆ. ರೇಷ್ಮೆ ಅಂಚಿನ ಪಂಚೆ, ಅಂದರೆ ಈಗಿನ ಶಾಲೆಗಳು ಕೇಳುವ ಅದೇ 'ಸಾಂಪ್ರದಾಯಿಕ' ಉಡುಪು, ಆ ಮಗುವಿಗೆ ಕೊಟ್ಟದ್ದು ಕೆಲವು ನಿಮಿಷಗಳ ಗೌರವವನ್ನು ಮಾತ್ರ. ಜಾತಿಯ ಹೆಸರು ಬಾಯಿಂದ ಬಂದ ಕ್ಷಣ ಬಟ್ಟೆ ಸೋತಿತು. ಬಟ್ಟೆ ಬದಲಾದರೆ ಜಾತಿ ಹೋಗುತ್ತದೆ ಎನ್ನುವ ಸುಧಾರಣಾವಾದಿಗಳಿಗೆ ಆ ಸ್ಟೇಷನ್ ಮಾಸ್ತರನ ಮುಖವೇ ಉತ್ತರ. ಆದರೂ ಆ ಮನೆಯವರು ಮಕ್ಕಳಿಗೆ ಹೊಸ ಬಟ್ಟೆ ಹೊಲಿಸಿದ್ದು ವ್ಯರ್ಥವೆಂದು ಹೇಳುವ ಧೈರ್ಯ ನನಗಿಲ್ಲ.

ಯಾಕೆಂದರೆ ಅಂಥದೇ ಮನೆಗಳಲ್ಲಿ ನಾನೂ ಬೆಳೆದವನು. ನನ್ನಕ್ಕ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಷರಟಿನ ಕಾಲರ್ ಹೊಲಿಯುತ್ತಾಳೆ. ಅವಳ ಮಗಳ ಶಾಲೆಯಿಂದ ಒಂದು ಚೀಟಿ ಬಂತು: ಹೆಣ್ಣುಮಕ್ಕಳು ರೇಷ್ಮೆ ಲಂಗ, ಬಳೆ, ಹೂವು, ಗಂಡುಮಕ್ಕಳು ಪಂಚೆ, ಶಲ್ಯ. ಅಕ್ಕ ಸಂಘದಲ್ಲಿ ಸಾಲ ಎತ್ತಿ ಲಂಗ ತಂದಳು. ಭಾವ ರೇಗಿದರು. "ಅದ್ಯಾರ್ ಸಂಪ್ರದಾಯ ಅಂತ ತಂದಿದ್ದೀಯ? ನಮ್ಮವ್ವ ಉಟ್ಟಿದ್ಲಾ ಇದ್ನ?" ಅಕ್ಕನ ಉತ್ತರ ಒಂದೇ: "ನಿಮ್ಮವ್ವ ಉಡ್ನಿಲ್ಲ ಅಂತಾನೇ ತಂದಿರೋದು. ನನ್ ಮಗ ಉಟ್ಕಳ್ಲಿ." ಮಗಳನ್ನು ಮಗ ಅನ್ನುವುದು ಅವಳ ಮುದ್ದು. ಮೂಲೆಯಲ್ಲಿ ಕುಳಿತಿದ್ದ ಅಜ್ಜಿ ನಡುವೆ ಬಾಯಿ ಹಾಕಿದಳು: "ಉಡ್ಸು, ಆದ್ರೆ ಊರೊಳಗಿಂದ ಕರ್ಕೊಂಡೋಗ್ಬೇಡ, ಕಣ್ ಬೀಳ್ತದೆ." ಕೇರಿಯ ಹೊರಗೆ ಕಣ್ಣು ಬೀಳುವುದೆಂದರೆ ದೃಷ್ಟಿ ತಗಲುವುದು. ನಮ್ಮಜ್ಜಿಗೆ ಅದು ಒಡೆಯರ ಕಣ್ಣು. ಅವಳ ಪ್ರಾಯದಲ್ಲಿ ಹಬ್ಬಕ್ಕೆ ಸಿಗುತ್ತಿದ್ದದ್ದು ಜೀತವಿದ್ದ ಮನೆಯ ಹಳೇ ಸೀರೆ. ಯಾವತ್ತಾದರೂ ಹೊಸದು ಬಂದರೆ ಅದಕ್ಕೆ ಒಂದಿಷ್ಟು ಮಣ್ಣು ಮೆತ್ತಿಕೊಂಡೇ ಊರ ಬೀದಿಗೆ ಇಳಿಯುತ್ತಿದ್ದಳಂತೆ. ಮೂರು ತಲೆಮಾರಿನ ಮೂರು ಅಭಿಪ್ರಾಯಗಳು ಇವು. ಸ್ಟಾಫ್ ರೂಮಿನ ಚರ್ಚೆಯಲ್ಲಿ ಮೂರಕ್ಕೂ ಜಾಗವಿಲ್ಲ.

ಅಕ್ಕನಂಥವರ ಆಸೆಯನ್ನು ಪಂಡಿತರು 'ಮೇಲ್ಜಾತಿಗಳ ಅನುಕರಣೆ' ಎನ್ನುತ್ತಾರೆ. ಎಂ. ಎನ್. ಶ್ರೀನಿವಾಸರು 1952ರ ಕೊಡವರ ಅಧ್ಯಯನದಲ್ಲಿ ಚಲಾವಣೆಗೆ ತಂದ 'ಸಂಸ್ಕೃತೀಕರಣ' ಎಂಬ ಮಾತು ಈಗ ಎಲ್ಲಕ್ಕೂ ಹಚ್ಚುವ ಮುಲಾಮಾಗಿದೆ. ಚರಿತ್ರೆ ಬೇರೆಯದನ್ನು ಹೇಳುತ್ತದೆ. ತಿರುವಾಂಕೂರಿನಲ್ಲಿ ಚನ್ನಾರ್ ಹೆಂಗಸರ ದೀರ್ಘ ಹೋರಾಟದ ನಂತರ 1859ರ ಜುಲೈ 26ರಂದು ಅರಸರ ಆಜ್ಞೆ ಹೊರಟಿತು: ಎದೆ ಮುಚ್ಚಿಕೊಳ್ಳಬಹುದು, ಆದರೆ ಮೇಲ್ಜಾತಿ ಹೆಂಗಸರ ರೀತಿಯಲ್ಲಿ ಕೂಡದು. ಅನುಕರಣೆಯನ್ನೇ ಕಾನೂನು ಮಾಡಿ ತಡೆದ ಸಮಾಜವಿದು. ತಡೆದದ್ದನ್ನು ಮಾಡುವುದಕ್ಕೆ ಅನುಕರಣೆ ಅನ್ನುವುದಿಲ್ಲ, ಉಲ್ಲಂಘನೆ ಅನ್ನುತ್ತಾರೆ. 1915ರಲ್ಲಿ ಅದೇ ಸಂಸ್ಥಾನದ ಪೆರಿನಾಡಿನಲ್ಲಿ ಅಯ್ಯಂಕಾಳಿಯವರ ಕರೆಗೆ ಓಗೊಟ್ಟು ಪುಲಯ ಹೆಂಗಸರು ತಲೆತಲಾಂತರದಿಂದ ಕೊರಳಲ್ಲಿದ್ದ ಕಲ್ಲಿನ ಸರಗಳನ್ನು ಕಿತ್ತೆಸೆದರು. 1927ರ ಡಿಸೆಂಬರ್ ಕೊನೆಯಲ್ಲಿ ಮಹಾಡದಲ್ಲಿ ಅಂಬೇಡ್ಕರರು ಹೆಂಗಸರಿಗೆ ಹೇಳಿದ್ದೂ ಇದನ್ನೇ: ನೋಡಿದ ಕೂಡಲೇ ಜಾತಿ ಗುರುತಿಸುವಂಥ ಉಡುಗೆ ತೊಡುಗೆ ಬಿಡಿ, ಹೆಣ್ಣುಮಕ್ಕಳನ್ನೂ ಓದಿಸಿ. ಅಲ್ಲಿದ್ದ ಹೆಂಗಸರು ಸೀರೆ ಉಡುವ ರೀತಿ ಬದಲಿಸಿಕೊಂಡರು. ಆ ಕಲ್ಲಿನ ಸರ, ಆ ಮಂಡಿಯುದ್ದದ ಸೀರೆ ಕೂಡ 'ಸಾಂಪ್ರದಾಯಿಕ' ಉಡುಗೆಯೇ ಆಗಿತ್ತಲ್ಲ! ಯಾವ ಶಾಲೆಯ ಚೀಟಿಯಲ್ಲೂ ಅದರ ಹೆಸರಿಲ್ಲ.

ಇನ್ನೊಂದು ಮಾತನ್ನು ನೋವಿನಿಂದಲೇ ಹೇಳಬೇಕು. ಸಂಪ್ರದಾಯವು ನಮ್ಮ ಮಕ್ಕಳಿಗೆ ಹೊಸ ಬಟ್ಟೆಯನ್ನು ಎಂದೂ ಉಡಿಸಲಿಲ್ಲ ಎಂದಲ್ಲ. ಸವದತ್ತಿಯ ಎಲ್ಲಮ್ಮನ ಹೆಸರಿನಲ್ಲಿ ಉಡಿಸಿತು. ಆಡುವ ವಯಸ್ಸಿನ ಹುಡುಗಿಗೆ ಹೊಸ ಸೀರೆ ಉಡಿಸಿ, ಬಳೆ ತೊಡಿಸಿ, ಕೊರಳಿಗೆ ಮುತ್ತು ಕಟ್ಟಿತು. ಕರ್ನಾಟಕದ 1982ರ ದೇವದಾಸಿ ಸಮರ್ಪಣಾ ನಿಷೇಧ ಕಾಯಿದೆ ಬಂದದ್ದು ಈ ಅಲಂಕಾರವನ್ನು ತಡೆಯಲಿಕ್ಕೆ. ಮಗುವಿನ ಮೈಮೇಲಿನ ಚಂದದ ಬಟ್ಟೆಯನ್ನು ಕಂಡಾಗ ಯಾರು ಉಡಿಸಿದರು, ಯಾತಕ್ಕೆ ಉಡಿಸಿದರು ಎಂದು ಕೇಳದಿದ್ದರೆ ನಮ್ಮ ಸೌಂದರ್ಯಪ್ರಜ್ಞೆಗೆ ಮೂರು ಕಾಸಿನ ಬೆಲೆಯಿಲ್ಲ.

ಇದೇ ಅಳತೆಗೋಲನ್ನು ನಮಗೂ ಹಿಡಿದುಕೊಳ್ಳಬೇಕು. ಏಪ್ರಿಲ್ 14ರಂದು ನಮ್ಮ ಕೇರಿಗಳಲ್ಲಿ ನಾಲ್ಕೈದು ವರ್ಷದ ಹುಡುಗರಿಗೆ ನೀಲಿ ಕೋಟು, ಟೈ, ಕನ್ನಡಕ ಹಾಕಿ, ಕೈಗೊಂದು ಪುಸ್ತಕ ಕೊಟ್ಟು ಮೆರವಣಿಗೆಯಲ್ಲಿ ನಿಲ್ಲಿಸುತ್ತೇವೆ. ಬೇಸಗೆಯ ಬಿಸಿಲಿಗೆ ಆ ಕೂಸೂ ಬೆವರುತ್ತದೆ, ಅದೂ ಅಳುತ್ತದೆ. ನೀರು ಕುಡಿಸಿ, ಕೋಟು ಬಿಚ್ಚಿ, ಆಡಲು ಬಿಡಬೇಕು. ಅದು ವಿದೇಶಿ ಉಡುಪಲ್ಲವೇ, ನಿಮ್ಮ ಸಂಪ್ರದಾಯ ಹೇಗಾಯಿತು ಎಂದು ಕೇಳುವವರಿಗೆ ಮಾತ್ರ ನನ್ನ ಉತ್ತರ ಇದು: 1930ರಲ್ಲಿ ಕೋಟು ಕೂಡದೆಂದು ಪಟ್ಟಿ ಮಾಡಿದ್ದಿರಿ. ಕೂಡದೆಂದಿದ್ದನ್ನು ತೊಟ್ಟುಕೊಂಡು ಬಂದದ್ದೇ ನಮ್ಮ ಸಂಪ್ರದಾಯ. ಆ ಅರ್ಥದಲ್ಲಿ ನೀಲಿ ಕೋಟಿನಷ್ಟೇ ಅಕ್ಕ ತಂದ ರೇಷ್ಮೆ ಲಂಗವೂ ನಮ್ಮದು.

ಆದರೆ ಭಾವನ ಪ್ರಶ್ನೆ ಹಾಗೇ ಉಳಿಯುತ್ತದೆ. ತಾಯಿಯೊಬ್ಬಳು ತನ್ನ ಮಗುವಿಗೆ ಉಡಿಸುವುದು ಹಕ್ಕು. ಶಾಲೆಯೊಂದು ಚೀಟಿ ಕಳಿಸಿ ಇಂಥದನ್ನೇ ಉಡಿಸಿ ಎಂದು ಹೇಳುವುದು ಅಪ್ಪಣೆ. ಮಕ್ಕಳು ಒಂದೇ ಬೆಂಚಿನಲ್ಲಿ ಒಂದೇ ಥರ ಕಾಣಲಿ ಎಂದೇ ಸಮವಸ್ತ್ರ ಬಂತು, ಸರ್ಕಾರಿ ಶಾಲೆಗಳಲ್ಲಿ ಅದನ್ನು ಪುಕ್ಕಟೆ ಕೊಡುವ ಯೋಜನೆಯೂ ಬಂತು. ವರ್ಷಕ್ಕೊಂದು ದಿನ ಅದನ್ನು ಕಳಚಿಸಿ, ಯಾರ ಮನೆಯಲ್ಲಿ ಪೆಟ್ಟಿಗೆ ಇದೆ, ಯಾರ ಮನೆಯಲ್ಲಿ ಸಾಲ ಇದೆ ಎಂದು ಮಕ್ಕಳ ಮೈಮೇಲೆ ಬರೆದು ತೋರಿಸುವುದಕ್ಕೆ ಸಂಸ್ಕೃತಿ ಅಂತ ಹೆಸರಿಡಬೇಡಿ.

ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ತಿದ್ದುಪಡಿ ತಂದಾಗ ಅಪರಾಧಗಳ ಪಟ್ಟಿಗೆ ಒಂದು ಹೊಸ ಮಾತು ಸೇರಿತು. ಸಾರ್ವಜನಿಕ ಜಾಗದಲ್ಲಿ ಚಪ್ಪಲಿ ಮೆಟ್ಟುವುದನ್ನು, ಹೊಸ ಬಟ್ಟೆ ತೊಡುವುದನ್ನು ತಡೆದರೆ ಅದು ಶಿಕ್ಷಾರ್ಹ. ಗಣರಾಜ್ಯವಾಗಿ 65 ವರ್ಷಗಳಾದ ಮೇಲೂ ಈ ದೇಶದ ಸಂಸತ್ತು 'ಹೊಸ ಬಟ್ಟೆ' ಎಂಬ ಎರಡು ಪದಗಳನ್ನು ಕಾನೂನಿನಲ್ಲಿ ಬರೆಯಬೇಕಾಯಿತು. ಶಾಲೆಗಳಿಗೆ ನನ್ನ ಕೋರಿಕೆ ಇಷ್ಟೆ. ನಿಮ್ಮ ಚೀಟಿಯಲ್ಲಿ 'ಸಾಂಪ್ರದಾಯಿಕ' ಅನ್ನೋ ಪದವನ್ನು ಹೊಡೆದುಹಾಕಿ. ಮಕ್ಕಳು ತಮಗಿಷ್ಟವಾದ, ಓಡಾಡಲು ಹಿತವಾದ ಬಟ್ಟೆಯಲ್ಲಿ ಬರಲಿ ಎಂದು ಬರೆಯಿರಿ. ಆ ದಿನ ನಮ್ಮ ಕೇರಿಯ ಮಗು ಊರೊಳಗಿನ ಬೀದಿಯಲ್ಲೇ ನಡೆದು ಶಾಲೆಗೆ ಬರುತ್ತದೋ, ಸುತ್ತಿಕೊಂಡು ಬರುತ್ತದೋ ಎಂಬುದನ್ನು ಮಾತ್ರ ಗೇಟಿನ ಹತ್ತಿರ ನಿಂತು ನೋಡಿ.